ಸಾಕಾ? ಹಾಕ್ಲಾ?

ಈ ಕಡೆ ತಲೆ ಹಾಕಿ ಹತ್ತಿರ ಹತ್ತಿರ ಮೂರು ತಿಂಗಳಾಯ್ತು. "ಏನ್ ಗುರೂ, ಬ್ಲಾಗಿಗೆ ಬೀಗ ಜಡಿದ್ಯಾ?" ಅಂತ ಒಂದಿಬ್ಬರು ಕೇಳಿದ್ರು. ಬೀಗ ಏನಿಲ್ಲ. ಒಂದು ಇಯರ್‌ಫೋನ್ ತಗೋಬೇಕಿತ್ತು, ಅದರಲ್ಲೇ ಮುಳುಗಿ ಹೋಗಿದ್ದೆ. ಇಯರ್‌ಫೋನ್ ತಗೊಳ್ಳೋಕೆ ಮೂರು ತಿಂಗಳು ಬೇಕಾ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ನಕ್ಕರೆ ನನ್ನದೇನೂ ಅಭ್ಯಂತರ ಇಲ್ಲ.

ಮೊದಲು ನನ್ನ ಹಳೇ ಇಯರ್‌ಫೋನಿನ ಎಡಗಡೆ ಸತ್ತು ಹೋಯ್ತು. ಒಂದೇ ಸಲ ಸಾಯಲಿಲ್ಲ. ಜ್ಯಾಕ್ ಹತ್ತಿರ ವೈರನ್ನ ಒಂದು ನಿರ್ದಿಷ್ಟ ಕೋನದಲ್ಲಿ ಬಗ್ಗಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದ್ರೆ ಬರ್ತಿತ್ತು, ಬಿಟ್ರೆ ಇಲ್ಲ. ಆ ಕೋನ ಎಲ್ಲರಿಗೂ ಗೊತ್ತಿರುತ್ತೆ ಬಿಡಿ. ರಬ್ಬರ್ ಬ್ಯಾಂಡ್ ಸುತ್ತಿದ್ದಾಯ್ತು, ಸೆಲ್ಲೋಟೇಪ್ ಹಾಕಿದ್ದಾಯ್ತು. ಒಂದು ಸೋಮವಾರ ಬೆಳಗ್ಗೆ ಯಾವ ಕೋನಕ್ಕೂ ಬಗ್ಗಲಿಲ್ಲ.

ನಾನಿರೋದು ವಿಜಯನಗರ, ಆಫೀಸ್ ಇರೋದು ವೈಟ್‌ಫೀಲ್ಡ್. ೨೦೨೩ರ ಅಕ್ಟೋಬರಿನಲ್ಲಿ ಮೆಟ್ರೋ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಬಸ್ಸು, ಟ್ರಾಫಿಕ್ಕಿನ ಗೋಳು ತಪ್ಪಿದೆ. ಆದ್ರೂ ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ಒಂದೂಕಾಲು ಗಂಟೆ. ಹೋಗೋದು ಬರೋದು ಸೇರಿ ದಿನಕ್ಕೆ ಎರಡೂವರೆ. ಇಷ್ಟು ಹೊತ್ತು ಪಕ್ಕದವರ ರೀಲ್ಸ್ ಕೇಳಿಸ್ಕೊಂಡು ಹೋಗೋದು ನನ್ನ ಕೈಲಾಗಲ್ಲ. ನನಗೆ ಹಾಡು ಬೇಕು. ಬೆಳಗ್ಗೆ ಮನ್ಸೂರರೋ ಭೀಮಸೇನ ಜೋಶಿಯವರೋ, ಸಂಜೆ ಬರ್ತಾ ಹಳೇ ಸಿನಿಮಾ ಹಾಡು.

ಈ ಮಾರ್ಗದಲ್ಲಿ ದಿನಾ ಹೋಗೋರಿಗೆ ಒಂದು ವಿಷಯ ಗೊತ್ತಿರುತ್ತೆ. ಮಾಗಡಿ ರೋಡ್ ದಾಟಿದ ಕೂಡ್ಲೇ ರೈಲು ನೆಲದೊಳಕ್ಕೆ ಇಳಿಯುತ್ತೆ. ಸಿಟಿ ರೈಲ್ವೆ ಸ್ಟೇಷನ್, ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್, ಇಷ್ಟೂ ಸುರಂಗದಲ್ಲಿ. ಎಂ.ಜಿ. ರೋಡಿಗೆ ಮತ್ತೆ ಮೇಲೆ ಬರುತ್ತೆ. ಸುರಂಗದಲ್ಲಿ ಚಕ್ರದ ಸದ್ದು ಗೋಡೆಗೆ ಹೊಡೆದು ವಾಪಸ್ ಡಬ್ಬಿಯೊಳಗೇ ಬರುತ್ತೆ. ಮಾತಾಡ್ತಿದ್ದವರು ಮಾತು ನಿಲ್ಲಿಸ್ತಾರೆ, ಇಲ್ಲಾ ಕಿರುಚ್ತಾರೆ. ಆಗ ನನ್ನ ಹೆಬ್ಬೆರಳು ತಾನಾಗೇ ಫೋನಿನ ಪಕ್ಕದ ಗುಂಡಿಗೆ ಹೋಗಿ ವಾಲ್ಯೂಮ್ ಎರಡು ಮೂರು ಮೆಟ್ಟಿಲು ಏರಿಸುತ್ತೆ. ಇದು ಸಹಜ. ಆದ್ರೆ ಎಂ.ಜಿ. ರೋಡಿನಲ್ಲಿ ಬೆಳಕಿಗೆ ಬಂದ ಮೇಲೆ ಅದೇ ಹೆಬ್ಬೆರಳು ಇಳಿಸೋಕೆ ಮಾತ್ರ ಹೋಗಲ್ಲ! ವೈಟ್‌ಫೀಲ್ಡ್ ತನಕ ಅದೇ ವಾಲ್ಯೂಮು. ಇದನ್ನ ನಾನು ಗಮನಿಸಿದ್ದು ತೀರಾ ಈಚೆಗೆ. ಯಾಕೆ ಗಮನಿಸಿದೆ ಅನ್ನೋದೇ ಈ ಕಥೆ.

ಹೊಸ ಇಯರ್‌ಫೋನಿಗೆ ಬಜೆಟ್ ಎರಡು ಸಾವಿರ ರೂಪಾಯಿ ಅಂತ ಇಟ್ಕೊಂಡೆ. ಬ್ಲೂಟೂತ್ ಬೇಡ ಅಂತ ಮೊದಲೇ ತೀರ್ಮಾನ. ಕಡಲೆಕಾಯಿ ಬೀಜದಷ್ಟು ಬ್ಯಾಟರಿ ಹಾಕಿ, ಎರಡು ಮೂರು ವರ್ಷಕ್ಕೆ ಅದು ಸತ್ತ ಮೇಲೆ ಬಿಚ್ಚೋಕೂ ಆಗದ ಹಾಗೆ ಅಂಟಿಸಿ ಮಾರೋದನ್ನ ಕಂಡ್ರೆ ನನಗೆ ಆಗಲ್ಲ. ಜೊತೆಗೆ, ಒಂದು ಕಿವಿಯದ್ದು ಜಾರಿ ಮೆಟ್ರೋ ಹಳಿ ಮೇಲೆ ಬಿದ್ರೆ ಯಾರು ಇಳೀತಾರೆ? ವೈರೇ ಸರಿ. ೨೦೧೬ರಲ್ಲಿ ಐಫೋನ್ ೭ರಲ್ಲಿ ಜ್ಯಾಕ್ ತೆಗೆದ್ರು ನೋಡಿ, ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತೆಗೆದ್ರು. ನನ್ನ ಫೋನಿನಲ್ಲೂ ಇಲ್ಲ. ಗೇಣುದ್ದದ ಡಾಂಗಲ್ ಒಂದನ್ನ ಬಾಲದ ಥರ ನೇತಾಕ್ಕೊಂಡು ಓಡಾಡ್ತೀನಿ.

ಇನ್ನು ಇಂಜಿನಿಯರಿಂಗ್ ಓದಿದ ತಪ್ಪಿಗೆ ಎಕ್ಸೆಲ್ ಹಾಳೆ ತೆರೆದೆ. ಇಪ್ಪತ್ತೆರಡು ಮಾಡೆಲ್, ಹದಿನಾಲ್ಕು ಕಾಲಂ. ಇಂಪೀಡೆನ್ಸ್, ಸೆನ್ಸಿಟಿವಿಟಿ, ಒಳಗೆ ಎಷ್ಟು ಡ್ರೈವರ್, ವೈರ್ ಬಿಚ್ಚೋಕೆ ಬರುತ್ತಾ ಇಲ್ವಾ, ಎಲ್ಲಾ. ಒಂದೊಂದಕ್ಕೂ ತೂಕ ಕೊಟ್ಟು ಕೊನೇಲಿ ಒಟ್ಟು ಅಂಕ. ರೂಮ್‌ಮೇಟ್ ಹಿಂದೆ ನಿಂತು ಒಂದು ನಿಮಿಷ ನೋಡಿ, "ಹೆಣ್ಣು ನೋಡೋಕೆ ಹೋದಾಗ್ಲೂ ಇಷ್ಟು ಕಾಲಂ ಇರಲ್ಲ ಗುರೂ" ಅಂದು ಮಲಗೋಕೆ ಹೋದ.

ಹಾಳೆ ತುಂಬ್ತಾ ತುಂಬ್ತಾ ಕೆಲವು ವಿಷಯ ಅರ್ಥ ಆಯ್ತು. ಡಬ್ಬಿ ಮೇಲೆ ೨೦ ಹರ್ಟ್ಸ್‌ನಿಂದ ೨೦,೦೦೦ ಹರ್ಟ್ಸ್ ಅಂತ ಬರೆದಿರ್ತಾರಲ್ಲ, ಅದರಿಂದ ಏನೂ ಗೊತ್ತಾಗಲ್ಲ. ಆ ತುದಿಯಿಂದ ಈ ತುದಿಗೆ ಸದ್ದು ಎಷ್ಟು ಏರುಪೇರಾಗುತ್ತೆ ಅಂತ ಹೇಳದೇ ಇದ್ರೆ, ಅದು 'ನಮ್ಮೂರಿಂದ ನಿಮ್ಮೂರಿಗೆ ರಸ್ತೆ ಇದೆ' ಅಂದ ಹಾಗೆ. ಗುಂಡಿ ಎಷ್ಟಿವೆ ಅಂತ ಹೇಳಬೇಕಲ್ವಾ? ಡ್ರೈವರ್ ಸಂಖ್ಯೆಯೂ ಅಷ್ಟೇ. ಕಿವಿಗೆ ಆರು ಡ್ರೈವರ್ ಇದ್ದದ್ದು ಒಂದೇ ಡ್ರೈವರ್ ಇದ್ದದ್ದಕ್ಕಿಂತ ಚೆನ್ನಾಗೇ ಇರಬೇಕು ಅಂತೇನಿಲ್ಲ. ಇದಕ್ಕಿಂತ ಕೆಲಸಕ್ಕೆ ಬರೋದು ಅಳೆದು ಬರೆದ ಗ್ರಾಫು. ಹರ್ಮನ್ ಕಂಪನಿಯಲ್ಲಿ ಷಾನ್ ಆಲಿವ್ ಅನ್ನೋರು ಮತ್ತು ಅವರ ಜೊತೆಗಾರರು ಜನರನ್ನ ಕೂರಿಸಿ, ಬೇರೆ ಬೇರೆ ಥರ ಸದ್ದು ಕೇಳಿಸಿ, ಹೆಚ್ಚಿನವರಿಗೆ ಯಾವುದು ಹಿಡಿಸುತ್ತೆ ಅಂತ ಒಂದು ಗೆರೆ ಎಳೆದ್ರು. ಈಗ ಚೀನಾದ ಪುಟ್ಟ ಪುಟ್ಟ ಕಂಪನಿಗಳು ಆ ಗೆರೆ ಹತ್ತಿರ ಹತ್ತಿರ ಬರೋ ಇಯರ್‌ಫೋನನ್ನ ಎರಡು ಸಾವಿರಕ್ಕೇ ಕೊಡ್ತಾವೆ. ನಾನು ಕಾಲೇಜು ಸೇರಿದ ಕಾಲಕ್ಕೆ ಈ ಬೆಲೆಗೆ ಇಂಥದ್ದು ಇರಲಿಲ್ಲ.

ಇಷ್ಟೆಲ್ಲ ತಿಳ್ಕೊಂಡು ನಾನು ಮಾಡಿದ್ದೇನು ಗೊತ್ತಾ? ಶನಿವಾರ ಯಾವುದೋ ಕೇಬಲ್ ತರೋಕೆ ಎಸ್.ಪಿ. ರೋಡಿಗೆ ಹೋದವನು, ಅಲ್ಲೊಂದು ಅಂಗಡಿಯಲ್ಲಿ "ಸಾರ್, ಬಾಸ್ ನೋಡಿ ಸಾರ್, ಎದೆಗೆ ಗುದ್ದುತ್ತೆ" ಅಂದಿದ್ದಕ್ಕೆ ಒಂಬೈನೂರು ಕೊಟ್ಟು ಒಂದು ತಂದೆ. ಹದಿನಾಲ್ಕು ಕಾಲಂ ನೀರಿನಲ್ಲಿ ಹೋಮ.

ಅಂಗಡಿಯಲ್ಲಿ ಗುದ್ದಿದ್ದು ಮೆಟ್ರೋದಲ್ಲಿ ಗುದ್ದಲಿಲ್ಲ. ಕಿವಿಯಲ್ಲಿ ಸಡಿಲ ಸಡಿಲ. ಸುರಂಗದೊಳಗೆ ಹೋದ್ರೆ ತಂಬೂರಿ ಪೂರ್ತಿ ಮಾಯ, ತಬಲಾದಲ್ಲಿ ಎಡಗೈದು ಇಲ್ಲವೇ ಇಲ್ಲ, ಹಾಡೋರ ದನಿ ಯಾರೋ ಪಕ್ಕದ ಮನೆಯಿಂದ ಹಾಡ್ತಿರೋ ಹಾಗೆ. ಸರಿ, ಹೆಬ್ಬೆರಳಿಗೆ ಕೆಲಸ ಬಂತು. ಮೂರು ಮೆಟ್ಟಿಲು, ನಾಲ್ಕು ಮೆಟ್ಟಿಲು. ಫೋನು 'ಹೆಚ್ಚು ಹೊತ್ತು ಜೋರಾಗಿ ಕೇಳಿದ್ರೆ ಕಿವಿಗೆ ಹಾನಿ' ಅಂತ ಒಂದು ಎಚ್ಚರಿಕೆ ತೋರಿಸುತ್ತಲ್ಲ, ಅದಕ್ಕೆ 'ಸರಿ' ಒತ್ತಿ ಒತ್ತಿ ಅದು ಏನು ಹೇಳುತ್ತೆ ಅಂತ ಓದೋದನ್ನೇ ಬಿಟ್ಟಿದ್ದೆ.

ಎರಡು ವಾರ ಹೀಗೇ ನಡೀತು. ಒಂದು ರಾತ್ರಿ ಕರೆಂಟು ಹೋಯ್ತು. ಫ್ಯಾನ್ ನಿಂತು ರೂಮು ಗಪ್‌ಚುಪ್. ಆಗ ಕೇಳಿಸ್ತು, ಕುಂಯ್ ಅಂತ ಸಣ್ಣಗೆ, ಎಳೆದ ಹಾಗೆ. ಸೊಳ್ಳೆ ಅಂದ್ಕೊಂಡು ಕೈ ಬೀಸಿದೆ. ಇನ್ವರ್ಟರ್ ಇರಬೇಕು ಅಂತ ಎದ್ದು ಹೋಗಿ ಅದಕ್ಕೆ ಕಿವಿ ಇಟ್ಟೆ. ಆಮೇಲೆ ಎರಡೂ ಕಿವಿಗೆ ಬೆರಳಿಟ್ಟು ಮುಚ್ಚಿದೆ. ಸದ್ದು ಹಾಗೇ ಇತ್ತು. ಒಳಗಿನದು.

ಬೆಳಗ್ಗೆ ಎದ್ದಾಗ ಇರಲಿಲ್ಲ. ಇಲ್ಲವಲ್ಲ ಅಂತ ಮರೆತೂಬಿಟ್ಟೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ನಮ್ಮೂರು ತಿಪಟೂರಿನ ಹತ್ತಿರ. ಅಪ್ಪಂದು ಹಿಟ್ಟಿನ ಮಿಲ್ಲು. ಮೂವತ್ತು ವರ್ಷದ ಮೇಲಾಯ್ತು. ರಾಗಿ, ಗೋಧಿ, ಅಕ್ಕಿ, ಖಾರದಪುಡಿಗೆ ಬೇರೆ ಮಿಷನ್ನು. ನಾನು ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲೇ ಮೂಟೆ ಮೇಲೆ ಕೂತಿರ್ತಿದ್ದೆ. ಬೆಲ್ಟು ಪಟಪಟ ಅನ್ನೋದು, ಕಲ್ಲು ಗುಂಯ್ ಅನ್ನೋದು, ತಗಡಿನ ಛಾವಣಿ ನಡುಗೋದು. ಅಲ್ಲಿ ಯಾರೂ ಮಾತಾಡ್ತಿರಲಿಲ್ಲ, ಎಲ್ಲಾ ಕೈಸನ್ನೆ. ನುಣ್ಣಗೆ ಬೇಕಾ ಅಂತ ಕೇಳೋಕೆ ಅಪ್ಪ ಹೆಬ್ಬೆರಳು ತೋರುಬೆರಳು ಸೇರಿಸಿ ತಿಕ್ಕಿ ತೋರಿಸೋರು. ಕಿವಿಗೆ ಹತ್ತಿ ಇಟ್ಕೋಬೇಕು ಅಂತ ಅವರಿಗಾಗಲೀ ನಮಗಾಗಲೀ ಯಾವತ್ತೂ ಹೊಳೆದಿರಲಿಲ್ಲ.

ಐದಾರು ವರ್ಷದಿಂದ ಅಪ್ಪನಿಗೆ ಕಿವಿ ಮಂದ. ಅದು ನಮ್ಮನೆಯಲ್ಲಿ ಒಂದು ತಮಾಷೆಯೇ ಆಗಿತ್ತು. ಊಟಕ್ಕೆ ಕೂತಾಗ ಅಮ್ಮ ಅನ್ನ ಬಡಿಸಿ "ಸಾಕಾ?" ಅಂತಾಳೆ. ಅಪ್ಪನಿಗೆ ಅದು "ಹಾಕ್ಲಾ?" ಅಂತ ಕೇಳಿಸುತ್ತೆ. "ಹೂಂ" ಅಂತಾರೆ. ಅಮ್ಮ ನಿಲ್ಲಿಸ್ತಾಳೆ. ಅಪ್ಪ ತಟ್ಟೆ ನೋಡ್ತಾರೆ, ಅಮ್ಮನ ಮುಖ ನೋಡ್ತಾರೆ, "ಹಾಕು ಅಂದ್ನಲ್ಲ" ಅಂತಾರೆ. "ಸಾಕು ಅಂದ್ರಲ್ಲ" ಅಂತ ಅಮ್ಮ. ನಾನು, ತಂಗಿ ಬಿದ್ದೂ ಬಿದ್ದೂ ನಗೋದು. ಅಪ್ಪನೂ ನಗೋರು. ಫೋನಿನಲ್ಲಿ ಮಾತಾಡೋದಂತೂ ಪೂರ್ತಿ ಅಮ್ಮನಿಗೇ ಬಿಟ್ಟುಕೊಟ್ಟಿದ್ರು. ನಾನು ಫೋನ್ ಮಾಡಿದ್ರೆ "ಹುಷಾರಾ? ತಗೋ ಅಮ್ಮಂಗೆ ಕೊಡ್ತೀನಿ" ಅಷ್ಟೇ. ಅವರು ಮೊದಲಿಂದಲೂ ಮಾತು ಕಮ್ಮಿ ಅಂತ ನಾನು ಅಂದ್ಕೊಂಡಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಹಟ ಹಿಡಿದಳು. ಅಪ್ಪನ್ನ ತುಮಕೂರಿಗೆ ಕರ್ಕೊಂಡು ಹೋದೆ. ಅಲ್ಲೊಂದು ಚಿಕ್ಕ ಕ್ಲಿನಿಕ್ಕು. ಪರೀಕ್ಷೆ ಮಾಡೋ ಮೇಡಂ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಸದ್ದು ಬರದ ಹಾಗೆ ಮಾಡಿದ ಒಂದು ಗೂಡಿನಂಥ ಕೋಣೆಯಲ್ಲಿ ಅಪ್ಪನ್ನ ಕೂರಿಸಿ, ಕೈಗೆ ಒಂದು ಸ್ವಿಚ್ಚು ಕೊಟ್ಟು, "ಎಷ್ಟೇ ಸಣ್ಣಗೆ ಕೇಳಿಸಿದ್ರೂ ಒತ್ತಿ ಸಾರ್" ಅಂದ್ರು. ನಾನು ಗಾಜಿನ ಈಚೆ ನಿಂತು ನೋಡ್ತಿದ್ದೆ. ಮೊದಮೊದಲು ಅಪ್ಪ ಠಕ್ಕಂತ ಒತ್ತಿದ್ರು. ಆಮೇಲೆ ನಿಧಾನ ಆಯ್ತು. ಆಮೇಲೆ ಒತ್ತಲೇ ಇಲ್ಲ. ಮೇಡಂ ಡಯಲ್ ತಿರುಗಿಸ್ತಾನೇ ಇದ್ರು, ಈಚೆ ನಿಂತ ನನಗೂ ಸಣ್ಣಗೆ ಆ ಸಿಳ್ಳೆ ಕೇಳಿಸ್ತಿತ್ತು. ಅಪ್ಪ ಮಾತ್ರ ಸ್ವಿಚ್ಚು ಹಿಡ್ಕೊಂಡು, ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ ಗೋಡೆ ನೋಡ್ತಾ ಕೂತಿದ್ರು. ಅವರ ಮುಖ ಯಾಕೋ ನೋಡೋಕಾಗಲಿಲ್ಲ.

ಮೇಡಂ ಗ್ರಾಫ್ ತೋರಿಸಿ ವಿವರಿಸಿದ್ರು. (ಮೂರು ತಿಂಗಳಿಂದ ಗ್ರಾಫು ನೋಡ್ತಿದ್ದವನಿಗೆ ಇನ್ನೊಂದು ಗ್ರಾಫು. ಇದರಲ್ಲಿ ಗೆರೆ ಇಳಿದ್ರೆ ಕಿವಿ ಹೋದ ಹಾಗೆ.) ಮಂದ್ರ ಸದ್ದು ಅಪ್ಪನಿಗೆ ಹೆಚ್ಚುಕಮ್ಮಿ ಚೆನ್ನಾಗೇ ಕೇಳುತ್ತೆ. ೨,೦೦೦ ಹರ್ಟ್ಸ್ ದಾಟಿದ ಮೇಲೆ ಗೆರೆ ಜಾರುಬಂಡೆ ಥರ ಕೆಳಗೆ. ಗದ್ದಲದಿಂದ ಹೋಗೋ ಕಿವಿ ಸಾಮಾನ್ಯವಾಗಿ ೪,೦೦೦ ಹರ್ಟ್ಸ್ ಹತ್ತಿರ ಮೊದಲು ಗುಂಡಿ ಬೀಳುತ್ತಂತೆ, ಆಮೇಲೆ ವಯಸ್ಸೂ ಸೇರಿಕೊಂಡು ಅಗಲ ಆಗುತ್ತಂತೆ. ನಾವು ಆಡೋ ಮಾತಿನಲ್ಲಿ ಆ, ಊ, ಓ ಥರದ ಸ್ವರಗಳ ಬಲ ಇರೋದು ಕೆಳಗೆ. ಸ, ಶ, ತ, ಕ ಥರದ ವ್ಯಂಜನಗಳ ಗುರುತು ಇರೋದು ಮೇಲೆ. "ಅದಕ್ಕೇ ಇವರಿಗೆ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಮಾತಾಡ್ತಿದ್ದಾರೆ ಅಂತ ಗೊತ್ತಾಗಲ್ಲ. ಅರ್ಧ ಊಹೆ ಮಾಡ್ತಾರೆ" ಅಂದ್ರು. ಸಾಕಾ, ಹಾಕ್ಲಾ! ಐದು ವರ್ಷ ನಾವು ನಕ್ಕಿದ್ದು ಒಂದು 'ಸ'ಕಾರಕ್ಕೆ.

ಒಳಗಿವಿಯಲ್ಲಿ ಸದ್ದು ಹಿಡಿಯೋ ಕೂದಲಿನಂಥ ಜೀವಕೋಶಗಳು ಹುಟ್ಟುವಾಗ ಒಂದೊಂದು ಕಿವಿಗೆ ಸುಮಾರು ೧೫,೦೦೦ ಇರ್ತಾವೆ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಇದನ್ನ ಮೇಡಂ ಹೇಳ್ತಿದ್ದಾಗ ನನಗೆ ಆ ರಾತ್ರಿಯ ಕುಂಯ್ ನೆನಪಾಯ್ತು. ಹೇಳಲೋ ಬೇಡವೋ ಅಂತ ಹೇಳಿದೆ. ಅವರು ನನ್ನ ಕತ್ತಲ್ಲಿ ನೇತಾಡ್ತಿದ್ದ ಇಯರ್‌ಫೋನ್ ನೋಡಿದ್ರು. "ನೀವೂ ಕೂತ್ಕೊಳಿ" ಅಂದ್ರು.

ಈಗ ಅಪ್ಪ ಗಾಜಿನ ಈಚೆ, ನಾನು ಒಳಗೆ. ಮೇಡಂ ಹಳದಿ ಬಣ್ಣದ ಒಂದು ಮೆತ್ತನೆ ಫೋಮನ್ನ ಬೆರಳಲ್ಲಿ ಹೊಸೆದು ಬತ್ತಿ ಥರ ಸಣ್ಣ ಮಾಡಿದ್ರು. ಇನ್ನೊಂದು ಕೈಯಲ್ಲಿ ನನ್ನ ಕಿವಿಯನ್ನ ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದು, ಆ ಫೋಮನ್ನ ಒಳಗೆ ತೂರಿಸಿ, ಬೆರಳಲ್ಲಿ ಒತ್ತಿ ಹಾಗೇ ಹಿಡ್ಕೊಂಡ್ರು. ಫೋಮು ಒಳಗೆ ನಿಧಾನಕ್ಕೆ ಊದಿಕೊಳ್ತಾ ಬಂತು. ಜೊತೆಗೆ ಲೋಕ ನಿಧಾನಕ್ಕೆ ದೂರ ಆಯ್ತು. ರಸ್ತೆಯ ಹಾರನ್ನು, ಹೊರಗೆ ಕೂತವರ ಮಾತು, ಎಲ್ಲಾ ಬೆಟ್ಟದ ಆಚೆ ಹೋದವು. ನನ್ನ ಉಸಿರು ನನಗೇ ಕೇಳಿಸ್ತು. ಹತ್ತು ವರ್ಷದಿಂದ ಇಯರ್‌ಫೋನ್ ಹಾಕ್ತಿದೀನಿ, ಹಾಕೋದು ಹೇಗೆ ಅಂತ ಗೊತ್ತಾಗಿದ್ದು ಆವತ್ತು!

ಕಿವಿಯ ಕಾಲುವೆ ನೇರ ಇಲ್ಲ ಕಣ್ರೀ. ಒಂದಿಂಚು ಉದ್ದ, ಮಧ್ಯೆ ತಿರುವು. ಕಿವಿ ಎಳೆದ್ರೆ ಆ ತಿರುವು ಸ್ವಲ್ಪ ನೇರ ಆಗುತ್ತೆ, ಅದಕ್ಕೇ ಆ ಎಳೆತ. ನಾವು ಮಾಡೋದೇನು? ಬಾಗಿಲಲ್ಲಿ ಸಿಕ್ಕಿಸಿ ಬಿಡೋದು. ಆಮೇಲೆ ಓದಿದಾಗ ಇನ್ನೊಂದು ವಿಷಯ ಸಿಕ್ತು. ೧೯೮೩ರಲ್ಲಿ ಅಮೆರಿಕದಲ್ಲಿ ಮೀಡ್ ಕಿಲಿಯನ್ ಅನ್ನೋರು ಎಟಿಮೋಟಿಕ್ ಅಂತ ಕಂಪನಿ ಶುರು ಮಾಡಿದ್ರು. ಕಿವಿ ಪರೀಕ್ಷೆಗೆ ಬಳಸೋ ಇಂಥ ಫೋಮಿನ ಇಯರ್‌ಫೋನ್ ಮಾಡ್ತಿದ್ದ ಆ ಕಂಪನಿಯೇ ೧೯೯೧ರಲ್ಲಿ ಸಂಗೀತ ಕೇಳೋಕೆ ಇಆರ್-೪ ಅಂತ ಕಿವಿಯೊಳಗೆ ಕೂರೋ ಇಯರ್‌ಫೋನ್ ತಂತು. ಅಂದ್ರೆ ನಾನು ಎಕ್ಸೆಲ್‌ನಲ್ಲಿ ಹುಡುಕ್ತಿದ್ದ ವಸ್ತುವಿನ ಅಜ್ಜನ ಮನೆಗೇ ಅಪ್ಪನ್ನ ಕರ್ಕೊಂಡು ಬಂದಿದ್ದೆ.

ನನ್ನ ಫಲಿತಾಂಶ: ಎಲ್ಲಾ ಚೆನ್ನಾಗಿದೆ, ೪,೦೦೦ದ ಹತ್ತಿರ ಒಂದು ಪುಟ್ಟ ತಗ್ಗು. "ಇದು ನಾರ್ಮಲ್ ಮಿತಿಯೊಳಗೇ ಇದೆ. ಹೆದರಬೇಡಿ. ಆದ್ರೆ ನಿಮ್ಮ ವಯಸ್ಸಿಗೆ ಈ ತಗ್ಗು ಇರಬಾರದು" ಅಂದ್ರು. ಅಪ್ಪನ ಗ್ರಾಫು ನನ್ನ ಗ್ರಾಫು ಮೇಜಿನ ಮೇಲೆ ಅಕ್ಕಪಕ್ಕ ಇತ್ತು. ಒಂದೇ ಜಾಗದಲ್ಲಿ ಶುರು. ಅವರಿಗೆ ಮಿಲ್ಲು ಹೊಟ್ಟೆಪಾಡು. ನನಗೆ?

ವಾಪಸ್ ಬೆಂಗಳೂರಿಗೆ ಬಂದವನು ಎಕ್ಸೆಲ್ ಬಿಟ್ಟು ಒಂದು ಹಾಳೆ ಮೇಲೆ ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಟಿಯು ಸೇರಿ ಮಾಡಿದ ಮಾನದಂಡದ ಪ್ರಕಾರ ದೊಡ್ಡವರು ವಾರಕ್ಕೆ ೪೦ ಗಂಟೆ ೮೦ ಡೆಸಿಬಲ್‌ನಲ್ಲಿ ಕೇಳಬಹುದು. ಸದ್ದು ೩ ಡೆಸಿಬಲ್ ಏರಿದ್ರೆ ಅದರ ಶಕ್ತಿ ಎರಡರಷ್ಟು, ಹಾಗಾಗಿ ಸಮಯ ಅರ್ಧ. ಹೀಗೆ ಹೋದ್ರೆ ೮೫ ಡೆಸಿಬಲ್‌ಗೆ ಸಿಗೋದು ಸುಮಾರು ಹನ್ನೆರಡೂವರೆ ಗಂಟೆ. ನನ್ನ ಓಡಾಟ ದಿನಕ್ಕೆ ಎರಡೂವರೆಯಂತೆ ಐದು ದಿನಕ್ಕೆ ಎಷ್ಟು? ಹನ್ನೆರಡೂವರೆ! ಮೆಟ್ರೋದಲ್ಲೇ ವಾರದ ಕೋಟಾ ಮುಗೀತು. ಸುರಂಗದಲ್ಲಿ ಫೋನಿನ ಆ್ಯಪ್‌ನಲ್ಲಿ ಅಳೆದಾಗ ಮುಳ್ಳು ೮೦ರ ಆಚೀಚೆ ಕುಣೀತಿತ್ತು (ಫೋನಿನ ಮೈಕನ್ನ ಪೂರ್ತಿ ನಂಬೋ ಹಾಗಿಲ್ಲ, ಅಂದಾಜಿಗೆ ಸರಿ). ಸಡಿಲ ಇಯರ್‌ಫೋನಿನಲ್ಲಿ ಅದರ ಮೇಲೆ ಹಾಡು ಕೇಳಿಸಬೇಕು ಅಂದ್ರೆ ೮೫ ಏನು, ಇನ್ನೂ ಜೋರೇ ಬೇಕು. ಅದೇ ಹೊರಗಿನ ಸದ್ದನ್ನ ೨೦ ಡೆಸಿಬಲ್ ತಡೆಯೋ ಹಾಗೆ ಕಿವಿಗೆ ಕೂತ್ರೆ ೬೦ ಉಳಿಯುತ್ತೆ, ಹಾಡು ೭೦ರಲ್ಲಿ ಆರಾಮಾಗಿ ಕೇಳಬಹುದು. ೮೫ರಿಂದ ೭೦ಕ್ಕೆ ಅಂದ್ರೆ ಮೂವತ್ತರಲ್ಲಿ ಒಂದು ಪಾಲು ಶಕ್ತಿ.

ಅಷ್ಟು ದಿನ ನಾನು 'ಸೌಂಡ್ ಕ್ವಾಲಿಟಿ'ಗೆ ಹತ್ತರಲ್ಲಿ ಏಳು ಅಂಕ, ಹೊರಗಿನ ಸದ್ದು ತಡೆಯೋದಕ್ಕೆ ಒಂದು ಅಂಕ ಕೊಟ್ಟಿದ್ದೆ. ಎರಡೂ ಬೇರೆ ಬೇರೆ ಅನ್ನೋದೇ ತಪ್ಪು. ಕಿವಿಗೆ ಸರಿಯಾಗಿ ಕೂರದೆ ಗಾಳಿ ಸೋರಿದ್ರೆ ಮೊದಲು ಸೋರೋದು ಬಾಸ್. ನನ್ನ ತಂಬೂರಿ ಮಾಯ ಆಗಿದ್ದು, ಎಡಗೈ ತಬಲಾ ಕಳೆದು ಹೋಗಿದ್ದು ಅದಕ್ಕೇ. ಆ ಗ್ರಾಫುಗಳೆಲ್ಲ ಅಳೆಯೋ ಯಂತ್ರದ ಕಿವಿಗೆ ಒಂಚೂರೂ ಸೋರದ ಹಾಗೆ ಕೂರಿಸಿ ತೆಗೆದವು. ಆ ಕಿವಿ ನನ್ನದಲ್ಲ. ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ರಬ್ಬರ್ ಟಿಪ್ ಇರುತ್ತಲ್ಲ, ಮಧ್ಯಮ ಹಾಕಿರೋದನ್ನೇ ಹಾಕ್ಕೊಂಡು ಉಳಿದದ್ದನ್ನ ಡ್ರಾಯರಿಗೆ ಎಸೀತೀವಿ. ನಾನೂ ಎಸೆದಿದ್ದೆ. ಹುಡುಕಿದ್ರೆ ನಾಲ್ಕು ಇಯರ್‌ಫೋನಿನವು ಸಿಕ್ವು.

ಕೊನೆಗೆ ತಗೊಂಡಿದ್ದು ಮೂನ್‌ಡ್ರಾಪ್ ಚು ೨. ೨೦೨೩ರಲ್ಲಿ ಬಂದ ಮಾಡೆಲ್ಲು, ಎರಡು ಸಾವಿರದ ಆಸುಪಾಸು. ಒಂದೇ ಡ್ರೈವರ್. ವೈರ್ ಬಿಚ್ಚಿ ಬೇರೆ ಹಾಕಬಹುದು, ಅಂದ್ರೆ ಜ್ಯಾಕ್ ಹತ್ತಿರ ಸತ್ತರೆ ಇಡೀ ಇಯರ್‌ಫೋನ್ ಎಸೆಯಬೇಕಿಲ್ಲ. ವೈರನ್ನ ಕಿವಿ ಮೇಲಿಂದ ಹಿಂದಕ್ಕೆ ಸುತ್ತಿ ಹಾಕ್ಕೋಬೇಕು. ಮೊದಲು ಎರಡು ದಿನ ಕಿರಿಕಿರಿ, ಆಮೇಲೆ ಅದರ ಉಪಯೋಗ ಗೊತ್ತಾಯ್ತು. ನೇರ ನೇತಾಡೋ ವೈರು ಅಂಗಿಗೆ ತಾಗಿದ್ರೆ ಸರ್ ಸರ್ ಅನ್ನೋದು ಕಿವಿಯೊಳಗೇ ಕೇಳುತ್ತೆ, ಸುತ್ತಿ ಹಾಕಿದ್ರೆ ಅದು ಎಷ್ಟೋ ಕಮ್ಮಿ. ಇದೇ ತಗೊಳ್ಳಿ ಅಂತ ನಾನು ಹೇಳಲ್ಲ. ಈ ಬೆಲೆಯಲ್ಲಿ ಇಂಥವು ನಾಲ್ಕೈದು ಇವೆ. ಅದಕ್ಕಿಂತ ಮುಖ್ಯ ಅಂದ್ರೆ, ಜೊತೆಗೆ ನಾನೂರು ರೂಪಾಯಿಗೆ ಫೋಮ್ ಟಿಪ್ ಬೇರೆ ತಗೊಂಡೆ.

ಒಂದು ಭಾನುವಾರ ಪೂರ್ತಿ ಟಿಪ್ ಹಾಕೋದು ತೆಗೆಯೋದೇ ಆಯ್ತು. ನನ್ನ ಎಡಗಿವಿ ಬಲಗಿವಿಗಿಂತ ದೊಡ್ಡದು ಅಂತ ಇಪ್ಪತ್ತೆಂಟು ವರ್ಷಕ್ಕೆ ಗೊತ್ತಾಯ್ತು. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ. ಹಾಗೆ ಬೇರೆ ಬೇರೆ ಹಾಕಬಹುದು ಅನ್ನೋದೇ ಹೊಳೆದಿರಲಿಲ್ಲ ನೋಡಿ! ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ಹಾಡೇನೂ ಬೇಡ. ಬಾಯಿ ಮುಚ್ಚಿ ಹೂಂ ಅಂತ ಗುನುಗಿ, ದನಿ ಬಾವಿಯೊಳಗಿಂದ ಬಂದ ಹಾಗೆ ಎರಡೂ ಕಡೆ ಸಮ ಕೇಳಿಸಬೇಕು. ಕಿವಿ ಪಕ್ಕ ಹೆಬ್ಬೆರಳು ತೋರುಬೆರಳು ತಿಕ್ಕಿದ್ರೆ ಆ ಸರಸರ ಕೇಳಿಸಬಾರದು. ಅಪ್ಪ ಹಿಟ್ಟು ನೋಡ್ತಾರಲ್ಲ, ಹಾಗೇ. ಆಮೇಲೆ ತಂಬೂರಿ ಹಾಕಿ ನೋಡಿದೆ. ಇತ್ತು. ಶಂಕರ್‌ನಾಗ್ ಅವರ ೧೯೮೧ರ 'ಗೀತಾ' ಹಾಡುಗಳನ್ನ ಹಾಕಿದೆ. ಇಳಯರಾಜಾ ಅದರಲ್ಲಿ ಬಾಸ್ ಗಿಟಾರಿಗೆ ಎಷ್ಟು ಕೆಲಸ ಕೊಟ್ಟಿದ್ದಾರೆ ಅಂತ ಇಷ್ಟು ವರ್ಷ ಕೇಳಿಯೂ ಗೊತ್ತಿರಲಿಲ್ಲ. ಅದೂ ಮೊದಲಿಗಿಂತ ಐದು ಮೆಟ್ಟಿಲು ಕೆಳಗಿನ ವಾಲ್ಯೂಮಿನಲ್ಲಿ.

ತೊಂದರೆಗಳೂ ಇವೆ, ಮುಚ್ಚಿಡಲ್ಲ. ಹಾಕ್ಕೊಂಡು ನಡೆದ್ರೆ ನಮ್ಮ ಹೆಜ್ಜೆ ನಮಗೇ ಧಪ್ ಧಪ್ ಅಂತ ಕೇಳುತ್ತೆ, ಕೋಡುಬಳೆ ತಿಂದ್ರೆ ಮನೆ ಕೆಡವಿದ ಹಾಗೆ. ಫೋಮು ಕೊಳೆ ಹಿಡಿಯುತ್ತೆ, ಕೆಲವು ತಿಂಗಳಿಗೆ ಬದಲಾಯಿಸಬೇಕು. ಕಿವಿಯಲ್ಲಿ ಗುಗ್ಗೆ ಇರೋರು ಒತ್ತಿ ಒತ್ತಿ ಒಳಗೆ ತಳ್ಳಬೇಡಿ, ಮೊದಲು ಡಾಕ್ಟರ್ ಹತ್ತಿರ ತೆಗೆಸಿ. ರೈಲಿನ ಗಡಗಡದಂಥ ಮಂದ್ರ ಸದ್ದನ್ನ ಫೋಮು ಪೂರ್ತಿ ತಡೆಯಲ್ಲ. ಅಲ್ಲಿ ಬ್ಯಾಟರಿ ಹಾಕಿದ ನಾಯ್ಸ್ ಕ್ಯಾನ್ಸಲಿಂಗೇ ವಾಸಿ (ಅಮರ್ ಬೋಸ್ ಅವರಿಗೆ ಆ ಯೋಚನೆ ಹೊಳೆದದ್ದು ೧೯೭೮ರಲ್ಲಿ ವಿಮಾನದಲ್ಲಿ ಕೂತು, ಕೊಟ್ಟ ಹೆಡ್‌ಫೋನಿನಲ್ಲಿ ಹಾಡು ಕೇಳಿಸದೇ ಇದ್ದಾಗ). ಮಾತು, ಕಿರುಚಾಟ, ರೀಲ್ಸು ಇಂಥವಕ್ಕೆ ಫೋಮೇ ಸಾಕು. ಮತ್ತೆ ರಸ್ತೆ ದಾಟುವಾಗ ದಯವಿಟ್ಟು ತೆಗೀರಿ. ವೈಟ್‌ಫೀಲ್ಡಿನಲ್ಲಿ ಇಳಿದು ಒಂದು ಸಲ ಹಾಗೇ ಹೆಜ್ಜೆ ಇಟ್ಟವನನ್ನ ಯಾರೋ ಅಜ್ಜಿ ರಟ್ಟೆ ಹಿಡಿದು ಎಳೆದ್ರು. ಅವರು ಏನು ಬೈದ್ರು ಅಂತ ಕೇಳಿಸಲಿಲ್ಲ. ಬೈದಿದ್ದಂತೂ ಹೌದು.

ಹೋದ ವಾರ ಊರಿಗೆ ಹೋಗಿದ್ದೆ. ಅಪ್ಪನಿಗೆ ಹಿಯರಿಂಗ್ ಏಡ್ ಬಂದಿತ್ತು. ಜೊತೆಗೆ ನನ್ನ ಒಂದು ತಿಂಗಳ ಸಂಬಳದಲ್ಲಿ ಮುಕ್ಕಾಲು ಪಾಲು. ಎರಡು ಸಾವಿರದ ಇಯರ್‌ಫೋನಿಗೆ ಇಪ್ಪತ್ತೆರಡು ಸಾಲಿನ ಎಕ್ಸೆಲ್ ಮಾಡಿದವನು ಅಪ್ಪನ ಕಿವಿ ಬಗ್ಗೆ ಐದು ವರ್ಷದಲ್ಲಿ ಒಂದು ಫೋನ್ ಮಾಡಿ ವಿಚಾರಿಸಿರಲಿಲ್ಲ. ಅದನ್ನ ಇಲ್ಲಿ ಬರೆಯೋಕೂ ನಾಚಿಕೆ. ಏಡ್ ಹಾಕ್ಕೊಂಡ್ರೆ ಕುಯ್ಯೋ ಅನ್ನುತ್ತೆ ಅಂತ ಅಪ್ಪ ಅದನ್ನ ಬೀರುವಿನಲ್ಲಿ ಇಟ್ಟುಬಿಟ್ಟಿದ್ರು. ಡಬ್ಬಿ ತೆಗೆದು ನೋಡಿದೆ. ಒಳಗೆ ಪುಟ್ಟ ಪುಟ್ಟ ರಬ್ಬರ್ ಟೋಪಿಗಳು. ಸಣ್ಣದು, ಮಧ್ಯಮ, ದೊಡ್ಡದು! ನಗು ಬಂತು. ಸಡಿಲ ಇದ್ರೆ ಏಡಿನಿಂದ ಹೊರಟ ಸದ್ದು ಸೋರಿ ಅದರ ಮೈಕಿಗೇ ವಾಪಸ್ ಹೋಗಿ ಕುಯ್ಯೋ ಅನ್ನುತ್ತೆ. ಈ ವಿಷಯದಲ್ಲಿ ನಾನೀಗ ಪಂಡಿತ. ಅಪ್ಪನ್ನ ಜಗುಲಿ ಮೇಲೆ ಕೂರಿಸಿ, ಕಿವಿ ಮೇಲಕ್ಕೆ ಹಿಂದಕ್ಕೆ ಎಳೆದು, ದೊಡ್ಡ ಟೋಪಿ ಹಾಕಿದೆ. ಕುಯ್ಯೋ ನಿಂತಿತು. ಚಿಕ್ಕವನಿದ್ದಾಗ ನನ್ನ ಕಿವಿ ಅವರ ಕೈಯಲ್ಲಿ ಇರ್ತಿತ್ತು, ಬೇರೆ ಕಾರಣಕ್ಕೆ :)

ಅದಕ್ಕೂ ಮೊದಲು ಒಂದು ಕೆಲಸ ಮಾಡಿದ್ದೆ. ನನ್ನ ಇಯರ್‌ಫೋನನ್ನ ಅವರಿಗೆ ಹಾಕಿ, ಅವರಿಗಿಷ್ಟವಾದ ಒಂದು ಹಳೇ ಭಜನೆ ಹಾಕಿದ್ದೆ. ಕಣ್ಣು ಮುಚ್ಚಿ ತಲೆ ಆಡಿಸಿದ್ರು. "ಮೃದಂಗ ಚೆನ್ನಾಗೈತೆ ಕಣ್ಲಾ" ಅಂದ್ರು. "ತಾಳ ಕೇಳ್ತಾ ಇದ್ಯಾ ಅಪ್ಪಾ?" ಅಂತ ಜೋರಾಗಿ ಕೇಳಿದೆ. "ಯಾವ ತಾಳ?" ಅಂದ್ರು. ಹಾಡಿನ ಉದ್ದಕ್ಕೂ ತಾಳ ಇತ್ತು. ನಾನು "ಏನಿಲ್ಲ, ಕೇಳಿ" ಅಂದೆ.

ರಾತ್ರಿ ಊಟಕ್ಕೆ ಕೂತ್ವಿ. ಅಪ್ಪನಿಗೆ ಏಡ್ ಹಾಕ್ಕೊಂಡು ಮೊದಲ ಊಟ. ತಟ್ಟೆ ಸದ್ದಿಗೆಲ್ಲ ಬೆಚ್ಚಿ ಬೀಳ್ತಿದ್ರು. ಅಮ್ಮ ಒಂದು ಸೌಟು ಅನ್ನ ಹಾಕಿ, ಬೇಕಂತಲೇ ಮೆಲ್ಲಗೆ, ಗೋಡೆ ಕಡೆ ತಿರುಗಿ "ಸಾಕಾ?" ಅಂದಳು. ತಂಗಿ ನಾನು ಉಸಿರು ಬಿಗಿ ಹಿಡಿದು ನೋಡ್ತಿದ್ವಿ.

"ಹೂಂ" ಅಂದ್ರು ಅಪ್ಪ.

ಅಮ್ಮ ಪಾತ್ರೆ ಪಕ್ಕಕ್ಕಿಟ್ಟಳು. ಅಪ್ಪ ತಟ್ಟೆ ನೋಡಿದ್ರು, ಅಮ್ಮನ ಮುಖ ನೋಡಿದ್ರು.

"ಸಾಕಾ ಅಂದಿದ್ದು ಕೇಳುಸ್ತು ಕಣೇ. ಅಭ್ಯಾಸಬಲ. ಇನ್ನೊಂದು ಸೌಟು ಹಾಕು" ಅಂದ್ರು.